ಗೂಡು ನೋಡುವುದು ಹೇಗೆ: ಗಂಗಾವತಿ ಸೀಮೆಯ ಗೀಜಗ, ಟಿಟ್ಟಿಭಗಳ ಜೊತೆ ಒಂದು ಹಂಗಾಮು

ಗಂಗಾವತಿಯಿಂದ ಆನೆಗುಂದಿ ಕಡೆ ಹೋಗುವಾಗ ಗದ್ದೆಗಳ ನಡುವೆ ಒಂದು ಹಳೆಯ ಬಾವಿ ಸಿಗುತ್ತದೆ. ಬಾವಿಯ ಮೇಲೆ ಬಾಗಿಕೊಂಡ ಒಂದು ಈಚಲ ಮರ. ಒಂದು ಆಗಸ್ಟ್‌ನಲ್ಲಿ ಆ ಮರದಲ್ಲಿ 23 ಗೀಜಗನ ಗೂಡು ತೂಗುತ್ತಿದ್ದವು. ನಾನು ಫೋಟೋ ತೆಗೆಯುತ್ತಾ ನಿಂತಿದ್ದೆ. ಕುರಿ ಕಾಯುವ ಹುಡುಗನೊಬ್ಬ ಬಂದು ಕೇಳಿದ: “ಇಷ್ಟರಾಗ ಎಷ್ಟು ಗೂಡಿನಾಗ ಮರಿ ಅದಾವ್ರೀ?”

ನನಗೆ ಗೊತ್ತಿರಲಿಲ್ಲ. ಹತ್ತು ವರ್ಷದಿಂದ ಹಕ್ಕಿ ನೋಡುತ್ತಿದ್ದೆ, ನೂರಾರು ಗೂಡಿನ ಫೋಟೋ ಇದ್ದವು. ಆದರೆ ಒಂದು ಗೂಡು ಮೊದಲ ಎಳೆಯಿಂದ ಮರಿ ಹಾರುವವರೆಗೆ ಏನಾಯಿತು ಎಂದು ಒಮ್ಮೆಯೂ ನೋಡಿರಲಿಲ್ಲ. ಗೂಡಿನ ಕಥೆ ಒಂದು ದಿನದ ಫೋಟೋದಲ್ಲಿ ಇರುವುದಿಲ್ಲ. ಅದು ಮತ್ತೆ ಮತ್ತೆ ಹೋಗಿ ಬರುವುದರಲ್ಲಿ ಇರುತ್ತದೆ. ಆ ಹುಡುಗನಿಗೆ ಉತ್ತರ ಕೊಡಲು ಹೊರಟಾಗ ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಒಂದು ನೋಟ್‌ಬುಕ್, ಪೆನ್ಸಿಲ್, ದುರ್ಬೀನು, ಗಡಿಯಾರ ಇದ್ದರೆ ನೀವೂ ಶುರು ಮಾಡಬಹುದು.

ಮೊದಲು ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಅಂದರೆ ಬರೀ ಕೊಲ್ಲುವುದು ಅಲ್ಲ. ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದು ಕೂಡ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. ಮೊಟ್ಟೆ ಅಳೆಯುವುದು, ಮರಿಗೆ ಉಂಗುರ ತೊಡಿಸುವುದು, ಗೂಡಿನೊಳಗೆ ಸೆನ್ಸರ್ ಇಡುವುದು, ಇವೆಲ್ಲ ಅರಣ್ಯ ಇಲಾಖೆಯ ಅನುಮತಿ ಪಡೆದ ಸಂಶೋಧಕರ ಕೆಲಸ. ನಾವು ಮಾಡುವುದು ದೂರದಿಂದ ನೋಡಿ ಬರೆಯುವುದು ಮಾತ್ರ. ಇದೇನು ಸಣ್ಣ ಕೆಲಸ ಅಂದುಕೊಳ್ಳಬೇಡಿ. ಗೂಡಿನ ಬಗ್ಗೆ ಗೊತ್ತಿರುವುದರಲ್ಲಿ ಬಹಳಷ್ಟು ಹೀಗೆ ಕೂತು ನೋಡಿಯೇ ಗೊತ್ತಾಗಿದ್ದು. 1930ರಲ್ಲಿ ಪಕ್ಷಿವಿಜ್ಞಾನಿ ಸಲೀಂ ಅಲಿ ಅವರು ಮುಂಬೈ ಹತ್ತಿರದ ಕಿಹಿಮ್ ಎಂಬ ಹಳ್ಳಿಯಲ್ಲಿ ಗೀಜಗಗಳನ್ನು ದಿನವೂ ಕೂತು ನೋಡಿದರು. ಗಂಡು ಒಂದು ಗೂಡು ಕಟ್ಟಿ, ಹೆಣ್ಣು ಅದರಲ್ಲಿ ನೆಲೆಸಿದ ಮೇಲೆ, ಇನ್ನೊಂದು ಗೂಡು ಕಟ್ಟಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ ಎಂಬುದು ಹಾಗೆ ತಿಳಿಯಿತು.

ಗೂಡು ಖಾಸಗಿ ಹೊಲದಲ್ಲಿದ್ದರೆ ಹೊಲದವರನ್ನು ಕೇಳಿಯೇ ಕಾಲಿಡಿ. ಎಷ್ಟೋ ಸಲ ಆ ಹಕ್ಕಿಯ ಬಗ್ಗೆ ನಿಮಗಿಂತ ಜಾಸ್ತಿ ಅವರಿಗೇ ಗೊತ್ತಿರುತ್ತದೆ.

ಯಾವ ಹಕ್ಕಿ, ಯಾವ ಕಾಲ

ಎಲ್ಲ ಹಕ್ಕಿಗಳನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲ ವರ್ಷ ಎರಡು ಸಾಕು. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ನಾನು ಸೂಚಿಸುವುದು ಟಿಟ್ಟಿಭ ಮತ್ತು ಗೀಜಗ. ಒಂದು ನೆಲದ ಹಕ್ಕಿ, ಇನ್ನೊಂದು ಮರದ ಹಕ್ಕಿ. ಒಂದು ಬೇಸಿಗೆಯಲ್ಲಿ ಶುರು ಮಾಡುತ್ತದೆ, ಇನ್ನೊಂದು ಮಳೆಗೆ ಕಾಯುತ್ತದೆ.

ಟಿಟ್ಟಿಭಗಳು ಮಾರ್ಚ್‌ನಿಂದ ಆಗಸ್ಟ್‌ವರೆಗೆ ಮೊಟ್ಟೆ ಇಡುತ್ತವೆ. ಉಳುಮೆಗೆ ಕಾಯುತ್ತಿರುವ ಹೊಲ, ಕಾಲುವೆ ದಂಡೆಯ ಗರಸು, ಕೆರೆಯ ಒಣ ಅಂಗಳ, ಹೀಗೆ ಬಯಲು ಇದ್ದಲ್ಲೆಲ್ಲ ಹುಡುಕಿ. ಗೀಜಗನಿಗೆ ಮಳೆ ಬೇಕು, ಉದ್ದನೆಯ ಹಸಿ ಎಲೆ ಬೇಕು. ಮೃಗಶಿರ, ಆರಿದ್ರ ಮಳೆ ಬಿದ್ದ ಮೇಲೆ ಗಂಡುಗಳ ತಲೆ ಹಳದಿಯಾಗಿ ಹೊಳೆಯಲು ಶುರುವಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಭತ್ತ ನಾಟಿಯಾದ ಮೇಲಂತೂ ಅವುಗಳಿಗೆ ಬೇಕಾದ ಎಳೆ ಎಲ್ಲ ಕಡೆಯೂ ಸಿಗುತ್ತದೆ. ಈಚಲ ಮರ, ಕರಿಜಾಲಿ, ಬಳ್ಳಾರಿ ಜಾಲಿ, ಬಾವಿಯ ಮೇಲೆ ಬಾಗಿದ ಕೊಂಬೆ ಇದ್ದಲ್ಲಿ ಕಣ್ಣಿಡಿ.

ಗೂಡು ಹುಡುಕುವುದು

ಹೊಸಬರು ಗಿಡ ಸರಿಸಿ, ಪೊದೆ ಬಗ್ಗಿಸಿ ಗೂಡು ಹುಡುಕುತ್ತಾರೆ. ದಯವಿಟ್ಟು ಅದು ಬೇಡ. ಗೂಡು ಹುಡುಕಬೇಡಿ, ಹಕ್ಕಿಯನ್ನು ನೋಡಿ. ಗೂಡನ್ನು ಅದೇ ತೋರಿಸುತ್ತದೆ.

ಬೆಳಿಗ್ಗೆ ಬೇಗ ಹೋಗಿ ಒಂದು ಕಡೆ ಕೂತುಬಿಡಿ. ಕೊಕ್ಕಿನಲ್ಲಿ ಹುಲ್ಲು, ಹತ್ತಿ ಹಿಡಿದ ಹಕ್ಕಿ ಕಂಡರೆ ಗೂಡು ಕಟ್ಟುವ ಕೆಲಸ ನಡೆದಿದೆ. ಹುಳು ಹಿಡಿದೂ ನುಂಗದೆ ಹಾರಿ ಹೋದರೆ ಮರಿ ಇದೆ. ಕೊಕ್ಕಿನಲ್ಲಿ ಬಿಳಿಯ ಚಿಕ್ಕ ಚೀಲದಂಥದ್ದು ಕಂಡರೆ ಅದು ಮರಿಯ ಹಿಕ್ಕೆ. ಗೂಡು ಶುಚಿಯಾಗಿಡಲು ತಾಯಿ ತಂದೆ ಅದನ್ನು ದೂರ ಒಯ್ದು ಬಿಸಾಡುತ್ತವೆ. ಒಂದೇ ದಿಕ್ಕಿಗೆ ಮೂರು ಸಲ ಹಾರಿದರೆ ಆ ದಿಕ್ಕನ್ನು ಬರೆದುಕೊಳ್ಳಿ. ಮರುದಿನ ಬೇರೆ ಜಾಗದಿಂದ ಹಾಗೆಯೇ ನೋಡಿ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆ ಕೂಡುವಲ್ಲಿ ಗೂಡು ಇರುತ್ತದೆ.

ಟಿಟ್ಟಿಭದ ವಿಷಯ ಬೇರೆ. ಅದು ನೀವು ಬರುವುದನ್ನು ದೂರದಿಂದಲೇ ಕಂಡು ಮೊಟ್ಟೆ ಬಿಟ್ಟು ಸದ್ದಿಲ್ಲದೆ ನಡೆದು ಹೋಗಿಬಿಟ್ಟಿರುತ್ತದೆ. ಆಮೇಲೆ ಎಲ್ಲೋ ನಿಂತು ಕೂಗುತ್ತದೆ. ಕೂಗುವ ಜಾಗದಲ್ಲಿ ಗೂಡು ಇರುವುದಿಲ್ಲ. ಅದು ತಲೆಯ ಮೇಲೆ ಎರಗುತ್ತಿದೆ, ಇಲ್ಲವೇ ರೆಕ್ಕೆ ಮುರಿದಂತೆ ನಾಟಕ ಮಾಡುತ್ತಿದೆ ಅಂದರೆ ನೀವು ತೀರಾ ಹತ್ತಿರ ಇದ್ದೀರಿ. ಅಲ್ಲಿಯೇ ನಿಂತು, ಕಾಲಿನ ಸುತ್ತ ನೆಲ ನೋಡಿ, ಬಂದ ಹೆಜ್ಜೆಯಲ್ಲೇ ವಾಪಸ್ ಬನ್ನಿ. ನೂರು ಹೆಜ್ಜೆ ಹಿಂದೆ ಜಾಲಿ ಮರದ ನೆರಳಲ್ಲಿ ಕೂತು ದುರ್ಬೀನಿನಲ್ಲಿ ಕಾಯಿರಿ. ಹತ್ತು ಹದಿನೈದು ನಿಮಿಷಕ್ಕೆ ಅದು ಓಡುತ್ತ, ನಿಲ್ಲುತ್ತ, ಸುಮ್ನೆ ಮೇಯುವಂತೆ ನಟಿಸುತ್ತ ಬಂದು ಒಂದು ಜಾಗದಲ್ಲಿ ಮೆಲ್ಲಗೆ ಕೂರುತ್ತದೆ. ಗೂಡು ಅಲ್ಲಿದೆ. ಗೂಡು ಅಂದರೂ ನೆಲದಲ್ಲಿ ಒಂದು ಚಿಕ್ಕ ತಗ್ಗು, ಸುತ್ತ ಒಂದಿಷ್ಟು ಹರಳು, ಕುರಿ ಹಿಕ್ಕೆ. ಅದರಲ್ಲಿ ಮಣ್ಣಿನ ಬಣ್ಣದ, ಕಪ್ಪು ಚುಕ್ಕೆಯ 3 ಅಥವಾ 4 ಮೊಟ್ಟೆ, ಚೂಪು ತುದಿ ಒಳಗೆ ಮಾಡಿಕೊಂಡು.

ಹತ್ತಿರ ಹೋಗುವ ರೀತಿ

ಈ ಭಾಗವನ್ನು ನಿಧಾನವಾಗಿ ಓದಿ. ಇಲ್ಲಿ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ.

ನನ್ನ ಮೊದಲ ಟಿಟ್ಟಿಭ ಗೂಡು ಕಾರಟಗಿ ಹತ್ತಿರದ ಒಂದು ಒಣ ಹೊಲದಲ್ಲಿತ್ತು. ಮತ್ತೆ ಸಿಗಲಿ ಎಂದು ಗೂಡಿನ ಪಕ್ಕದ ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿದೆ. ನಾಲ್ಕು ದಿನ ಒಂದೇ ದಾರಿಯಲ್ಲಿ ನೇರ ಗೂಡಿನವರೆಗೆ ನಡೆದು, ನೋಡಿ, ಅದೇ ದಾರಿಯಲ್ಲಿ ವಾಪಸ್ ಬಂದೆ. ಐದನೆಯ ದಿನ ಮೊಟ್ಟೆ ಇರಲಿಲ್ಲ. ನನ್ನ ಹೆಜ್ಜೆಯ ಮೇಲೇ ನಾಯಿಯ ಹೆಜ್ಜೆ ಇತ್ತು. ಗೂಡಿನವರೆಗೆ ಹೋಗಿ ಅಲ್ಲಿಗೇ ನಿಂತಿತ್ತು. ಜೋಡಿ ಇಡೀ ಬೆಳಿಗ್ಗೆ ಹೊಲದ ಮೇಲೆ ಕೂಗುತ್ತಾ ಸುತ್ತುತ್ತಿತ್ತು. ಆ ಕೂಗು ನನಗೆ ಇವತ್ತಿಗೂ ಕೇಳಿಸುತ್ತದೆ.

ಅಂದಿನಿಂದ ಹೀಗೆ ಮಾಡುತ್ತೇನೆ. ಗೂಡಿನ ಬಳಿ ಯಾವ ಗುರುತೂ ಇಡುವುದಿಲ್ಲ. ಕಾಗೆ, ನಾಯಿ, ಮುಂಗುಸಿ, ಎಲ್ಲವೂ ಗುರುತು ಕಲಿಯುತ್ತವೆ. ಬದಲಿಗೆ ದೂರದ ಒಂದು ಬಂಡೆ ಅಥವಾ ಮರ ಆರಿಸಿ, “ಒಡೆದ ಬಂಡೆಯಿಂದ ಪೂರ್ವಕ್ಕೆ 22 ಹೆಜ್ಜೆ” ಎಂದು ಬರೆಯುತ್ತೇನೆ. ದುರ್ಬೀನಿನಿಂದಲೇ ಕಾಣುವುದಾದರೆ ಹತ್ತಿರ ಹೋಗುವುದಿಲ್ಲ. ಹೋಗಲೇಬೇಕಾದರೆ ಗೂಡಿನಲ್ಲಿ ನಿಲ್ಲುವುದಿಲ್ಲ. ಪಕ್ಕದಿಂದ ದಾಟಿಕೊಂಡು, ನಡೆಯುತ್ತಲೇ ಎಣಿಸಿ, ಮುಂದೆ ಹೋಗಿ ಇನ್ನೊಂದು ಬದಿಯಿಂದ ಹೊರಬರುತ್ತೇನೆ. ಹೆಜ್ಜೆಯ ಜಾಡು ಗೂಡಿನಲ್ಲಿ ಕೊನೆಯಾಗಬಾರದು. ಕಾಗೆ ನೋಡುತ್ತಿದ್ದರೆ ಅವತ್ತು ಹೋಗುವುದೇ ಇಲ್ಲ.

ಭೇಟಿ ಮೂರು ನಾಲ್ಕು ದಿನಕ್ಕೊಮ್ಮೆ ಸಾಕು. ಮಳೆ ಬರುವಾಗ ಬೇಡ. ನಡು ಮಧ್ಯಾಹ್ನ ಖಂಡಿತ ಬೇಡ.

ಮಧ್ಯಾಹ್ನ ಯಾಕೆ ಬೇಡ ಎಂಬುದನ್ನು ನಮ್ಮ ಸೀಮೆಯವರು ವಿಶೇಷವಾಗಿ ತಿಳಿದಿರಬೇಕು. ತಂಪು ದೇಶಗಳ ಪುಸ್ತಕಗಳಲ್ಲಿ ಹಕ್ಕಿ ಎದ್ದರೆ ಮೊಟ್ಟೆ ತಣ್ಣಗಾಗುತ್ತದೆ ಎಂದು ಬರೆದಿರುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಅದು ಉಲ್ಟಾ. ಮೊಟ್ಟೆಯೊಳಗಿನ ಜೀವ ಚೆನ್ನಾಗಿ ಬೆಳೆಯುವುದು ಸುಮಾರು 36ರಿಂದ 40 ಡಿಗ್ರಿ ನಡುವೆ. ಗಾಳಿಯೇ 40 ಡಿಗ್ರಿ ದಾಟಿದ ದಿನ ಬಿಸಿಲಿಗೆ ಬಿದ್ದ ಬರಿ ನೆಲ 50 ಡಿಗ್ರಿ ಮೀರುತ್ತದೆ. ಆಗ ಟಿಟ್ಟಿಭ ಮೊಟ್ಟೆಗೆ ಕಾವು ಕೊಡಲು ಅಲ್ಲ, ನೆರಳು ಕೊಡಲು ಕೂರುತ್ತದೆ. ಎಷ್ಟೋ ಸಲ ಕೂರುವುದೂ ಇಲ್ಲ, ಮೊಟ್ಟೆಗಳ ಮೇಲೆ ಕಾಲೂರಿ ಕೊಡೆಯಂತೆ ನಿಲ್ಲುತ್ತದೆ. ಗಂಡು ಹೆಣ್ಣು ಪಾಳಿ ಬದಲಿಸುತ್ತವೆ. ಬರುವ ಹಕ್ಕಿ ಹತ್ತಿರದ ಕಾಲುವೆಗೋ ಹೊಂಡಕ್ಕೋ ಹೋಗಿ ಹೊಟ್ಟೆಯ ಗರಿ ನೀರಲ್ಲಿ ಅದ್ದಿ, ತೊಯ್ದ ಹೊಟ್ಟೆ ಹೊತ್ತು ಬಂದು ಮೊಟ್ಟೆಯ ಮೇಲೆ ಇಳಿಯುತ್ತದೆ. ಇದನ್ನು ಮೊದಲ ಸಲ ದುರ್ಬೀನಿನಲ್ಲಿ ಕಂಡಾಗ ನನ್ನ ಕಣ್ಣು ತುಂಬಿತು. ಇಂಥ ಹೊತ್ತಲ್ಲಿ ನಾವು ಹೋಗಿ ಹತ್ತು ನಿಮಿಷ ನಿಂತರೆ ಮೊಟ್ಟೆ ಬೆಂದು ಹೋಗಬಹುದು. ಬೆಳಿಗ್ಗೆ ಒಂಬತ್ತರೊಳಗೆ ನಿಮ್ಮ ಕೆಲಸ ಮುಗಿಯಲಿ. ದೂರದ ನೆರಳಿನಿಂದ ನೋಡುವುದಾದರೆ ಮಾತ್ರ ಮಧ್ಯಾಹ್ನ ಕೂರಿ, ಒಂದು ಗಂಟೆಯಲ್ಲಿ ಎಷ್ಟು ಸಲ ಪಾಳಿ ಬದಲಾಯಿತು, ಎಷ್ಟು ಸಲ ತೊಯ್ದ ಹೊಟ್ಟೆಯಲ್ಲಿ ಬಂತು ಎಂದು ಬರೆಯಿರಿ. ನಮ್ಮ ಬಿಸಿಲಿನ ಜಿಲ್ಲೆಗಳಿಗೆ ಇಂಥ ಟಿಪ್ಪಣಿ ಬಹಳ ಬೆಲೆಯದ್ದು.

ನೋಟ್‌ಬುಕ್‌ನಲ್ಲಿ ಏನು ಬರೆಯಬೇಕು

ಪ್ರತಿ ಗೂಡಿಗೆ ಒಂದು ನಂಬರ್, ಒಂದು ಪುಟ. ಪ್ರತಿ ಭೇಟಿಗೆ ಒಂದು ಸಾಲು: ದಿನಾಂಕ, ಗಂಟೆ, ಹವಾಮಾನ, ಹಕ್ಕಿ ಗೂಡಿನಲ್ಲಿತ್ತೇ ಇಲ್ಲವೇ, ಮೊಟ್ಟೆ ಎಷ್ಟು, ಮರಿ ಎಷ್ಟು. ಕಾಣದಿದ್ದರೆ “ಕಾಣಲಿಲ್ಲ” ಎಂದೇ ಬರೆಯಿರಿ. “ಇಲ್ಲ” ಮತ್ತು “ಕಾಣಲಿಲ್ಲ” ಬೇರೆ ಬೇರೆ. ಊಹಿಸಿ ಬರೆದ ಒಂದು ಸಾಲು ಇಡೀ ಪುಟವನ್ನು ಕೆಡಿಸುತ್ತದೆ.

ಗೀಜಗನ ಗೂಡಿನೊಳಗೆ ನಮಗೆ ಕಾಣುವುದಿಲ್ಲ. ಆದರೆ ಗೂಡಿನ ಆಕಾರವೇ ಬಹಳ ಹೇಳುತ್ತದೆ. ನಾನು ಐದು ಹಂತ ಗುರುತು ಹಾಕಿಕೊಳ್ಳುತ್ತೇನೆ. ಮೊದಲು ಈಚಲ ಗರಿಯ ತುದಿಗೆ ಕಟ್ಟಿದ ಬರೀ ಗಂಟು. ನಂತರ ಉಂಗುರ. ಉಂಗುರ ತುಂಬಿ ಟೋಪಿಯಂತೆ ಆಗುವುದು ಮೂರನೆಯ ಹಂತ. ಆಮೇಲೆ ಮೊಟ್ಟೆಯ ಕೋಣೆ ಮುಚ್ಚುತ್ತದೆ. ಕೊನೆಗೆ ಕೆಳಗೆ ಇಳಿಯುವ ಉದ್ದ ಕೊಳವೆ. ಪೂರ್ತಿ ಗೂಡಿಗೆ ಸುಮಾರು 18 ದಿನ ಹಿಡಿಯುತ್ತದೆ, ಅದರಲ್ಲಿ ಟೋಪಿಯವರೆಗೇ ಎಂಟು ದಿನ. ಎಳೆ ತರಲು ಗಂಡು 500 ಸಲದವರೆಗೆ ಹೋಗಿ ಬರುತ್ತದೆ.

ಟೋಪಿ ಹಂತದಲ್ಲಿ ನಿಮ್ಮ ನೋಟ ಜಾಸ್ತಿ ಇರಲಿ. ಗಂಡುಗಳು ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿದು ಕೂಗುತ್ತವೆ. ಹೆಣ್ಣುಗಳು ಬಂದು ಒಳಹೊಕ್ಕು ಪರೀಕ್ಷೆ ಮಾಡುತ್ತವೆ. ಒಪ್ಪಿದರೆ ಗೂಡು ಮುಂದಕ್ಕೆ ಹೋಗುತ್ತದೆ. ಒಪ್ಪದಿದ್ದರೆ ಟೋಪಿಯಲ್ಲೇ ನಿಂತು ಒಣಗುತ್ತದೆ. ಆ ಹುಡುಗನ 23 ಗೂಡುಗಳಲ್ಲಿ 9 ಹೀಗೆ ಒಣಗಿದ್ದವು. ಹೆಣ್ಣು ಏನು ನೋಡಿ ಒಪ್ಪುತ್ತದೆ? ನೇಯ್ಗೆಯ ಅಂದಕ್ಕಿಂತ ಗೂಡು ಇರುವ ಜಾಗ ಮುಖ್ಯ ಎಂದು ಸಂಶೋಧನೆಗಳು ತೋರಿಸಿವೆ. ಎತ್ತರದಲ್ಲಿ, ತೆಳು ಕೊಂಬೆಯ ತುದಿಯಲ್ಲಿ ಇರುವ ಗೂಡಿಗೆ ಬೇಡಿಕೆ. ಹಾವಿಗೆ ಅಲ್ಲಿ ತಲುಪುವುದು ಕಷ್ಟ, ಅಲ್ವಾ? ಹಾಗಾಗಿ ಪ್ರತಿ ಗೂಡಿಗೂ ನೆಲದಿಂದ ಎತ್ತರ, ಕೆಳಗೆ ನೀರೋ ನೆಲವೋ, ಮರದ ಯಾವ ದಿಕ್ಕು ಎಂದು ಬರೆಯಿರಿ. ಹಲವು ಕಡೆ ಗೂಡುಗಳು ಮರದ ಪೂರ್ವಕ್ಕೆ ಜಾಸ್ತಿ ಇರುವುದು ಕಂಡಿದೆ. ಮುಂಗಾರಿನ ಗಾಳಿ ನೈಋತ್ಯದಿಂದ ಬಡಿಯುತ್ತದೆ, ಪೂರ್ವದಲ್ಲಿ ಮರವೇ ಮರೆ. ನಿಮ್ಮ ಬಾವಿಯ ಮರದಲ್ಲೂ ಹಾಗೇನಾ ಎಂದು ಎಣಿಸಿ.

ಕೊಳವೆ ಬಂದ ಮೇಲೆ ಲೆಕ್ಕ ಸುಲಭ. ಹೆಣ್ಣು 2ರಿಂದ 4 ಬಿಳಿ ಮೊಟ್ಟೆ ಇಟ್ಟು, 14ರಿಂದ 17 ದಿನ ಕಾವು ಕೂರುತ್ತದೆ. ಆ ದಿನಗಳಲ್ಲಿ ಅದು ಬಹಳ ಹೊತ್ತು ಹೊರಗೆ ಕಾಣಿಸುವುದಿಲ್ಲ. ಹುಳು ಹಿಡಿದು ಪದೇ ಪದೇ ಒಳಗೆ ಹೋಗಲು ಶುರು ಮಾಡಿದ ದಿನವನ್ನು ‘ಮರಿ’ ಎಂದು ಬರೆಯಿರಿ. ಸುಮಾರು 17 ದಿನಕ್ಕೆ ಮರಿಗಳು ಹೊರಬರುತ್ತವೆ.

ಟಿಟ್ಟಿಭದಲ್ಲಿ ಬೇರೆ ತೊಡಕು. ಕಾವು 28ರಿಂದ 30 ದಿನ. ಮರಿಗಳು ಒಡೆದು ಬಂದ ಒಂದೇ ದಿನದಲ್ಲಿ ನಡೆದು ಗೂಡು ಬಿಟ್ಟು ಹೋಗುತ್ತವೆ. ಅಂದರೆ ಗೆದ್ದ ಗೂಡೂ ಖಾಲಿ, ಸೋತ ಗೂಡೂ ಖಾಲಿ. ಹೇಗೆ ಹೇಳುವುದು? ದೊಡ್ಡ ಚಿಪ್ಪುಗಳನ್ನು ತಾಯಿ ತಂದೆ ಎತ್ತಿ ದೂರ ಒಯ್ಯುತ್ತವೆ. ಆದರೆ ಮರಿ ಒಳಗಿಂದ ಕುಟ್ಟುವಾಗ ಉದುರಿದ ಅಕ್ಕಿನುಚ್ಚಿನಂಥ ಚೂರುಗಳು ತಗ್ಗಿನ ತಳದಲ್ಲಿ ಉಳಿಯುತ್ತವೆ. ಗೂಡು ಖಾಲಿಯಾದ ಮೇಲೆ ಹೋಗಿ, ಬಗ್ಗಿ, ಆ ನುಚ್ಚು ಹುಡುಕಿ. ಇದ್ದರೆ ಮರಿ ಆಗಿದೆ. ದೊಡ್ಡ ಚಿಪ್ಪು, ಹಳದಿಯ ಕಲೆ ಕಂಡರೆ ಯಾವುದೋ ಪ್ರಾಣಿ ತಿಂದಿದೆ. ಏನೂ ಇಲ್ಲದಿದ್ದರೆ ಹಾವು ನುಂಗಿರಬಹುದು, ಯಾರೋ ಒಯ್ದಿರಬಹುದು. ಆಗ “ತಿಳಿಯದು” ಎಂದು ಬರೆಯಿರಿ.

ಚಿಪ್ಪು ಒಯ್ಯುವುದು ಯಾಕೆ ಎಂಬುದನ್ನು ಪ್ರಾಣಿಗಳ ವರ್ತನೆ ಓದಿದ ವಿಜ್ಞಾನಿ ನಿಕೋ ಟಿನ್‌ಬರ್ಗನ್ ಬಹಳ ಸರಳವಾಗಿ ಪರೀಕ್ಷಿಸಿದರು. ಕಡಲಹಕ್ಕಿಯ ಮೊಟ್ಟೆಗಳನ್ನು ಬಯಲಲ್ಲಿಟ್ಟು, ಕೆಲವಕ್ಕೆ ಹತ್ತಿರ, ಕೆಲವಕ್ಕೆ ದೂರ ಒಡೆದ ಚಿಪ್ಪು ಇಟ್ಟರು. ಚಿಪ್ಪು ಹತ್ತಿರ ಇದ್ದಷ್ಟೂ ಕಾಗೆಗಳು ಜಾಸ್ತಿ ಮೊಟ್ಟೆ ಕಂಡುಹಿಡಿದವು. ಚಿಪ್ಪಿನ ಒಳಗಿನ ಬಿಳುಪೇ ಶತ್ರುವಿಗೆ ದಾರಿ ತೋರುತ್ತದೆ. ಇಂಥ ಕೆಲಸಗಳಿಗೆ ಅವರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ಗೆದ್ದದ್ದೆಷ್ಟು, ಸೋತದ್ದೆಷ್ಟು

ಇಲ್ಲಿ ಒಂದು ಬಲೆ ಇದೆ. ಹತ್ತು ಗೂಡು ಕಂಡಿರಿ, ನಾಲ್ಕು ಹಾಳಾದವು, ಆರು ಗೆದ್ದವು. ಶೇಕಡ 60 ಗೆಲುವು ಎಂದು ಬರೆದರೆ ಅದು ತಪ್ಪು. ಯಾಕೆಂದರೆ ಮೊದಲ ದಿನಗಳಲ್ಲೇ ಹಾಳಾದ ಗೂಡು ನಿಮ್ಮ ಕಣ್ಣಿಗೆ ಬಿದ್ದೇ ಇರುವುದಿಲ್ಲ. ನಿಮಗೆ ಕಂಡಿದ್ದು ಅಲ್ಲಿಯವರೆಗೆ ಬದುಕಿ ಉಳಿದ ಗೂಡುಗಳು ಮಾತ್ರ.

ಇದಕ್ಕೆ ದಾರಿ ಕಂಡುಹಿಡಿದದ್ದು ಅಮೆರಿಕದ ಹೆರಾಲ್ಡ್ ಮೇಫೀಲ್ಡ್, 1961ರಲ್ಲಿ. ಅವರು ವೃತ್ತಿಯಿಂದ ಪಕ್ಷಿವಿಜ್ಞಾನಿ ಅಲ್ಲ, ನಮ್ಮಂಥ ಹವ್ಯಾಸಿ. ಅದಕ್ಕೇ ಈ ವಿಧಾನ ನನಗೆ ಇನ್ನಷ್ಟು ಆಪ್ತ. ಅವರು ಗೂಡುಗಳನ್ನು ಎಣಿಸುವ ಬದಲು, ಗೂಡುಗಳನ್ನು ನೋಡಿದ ದಿನಗಳನ್ನು ಎಣಿಸಿದರು.

ಮಾಡಿ ನೋಡೋಣ. ನಿಮ್ಮ ಹತ್ತು ಟಿಟ್ಟಿಭ ಗೂಡುಗಳಲ್ಲಿ ಪ್ರತಿಯೊಂದನ್ನೂ ಕಂಡ ದಿನದಿಂದ ಮುಗಿದ ದಿನದವರೆಗೆ ಎಷ್ಟು ದಿನ ಎಂದು ಬರೆದು ಎಲ್ಲ ಕೂಡಿಸಿ. ಒಟ್ಟು 160 ದಿನ ಬಂತು ಎಂದಿಟ್ಟುಕೊಳ್ಳಿ. ಜೂನ್ 4ರಂದು ಮೊಟ್ಟೆ ಇದ್ದು 8ರಂದು ಇಲ್ಲವಾಗಿದ್ದರೆ, ಆ ನಾಲ್ಕು ದಿನಕ್ಕೆ ಅರ್ಧ, ಅಂದರೆ ಎರಡು ದಿನ ಹಿಡಿಯಿರಿ. ಹಾಳಾದದ್ದು 4. ನಾಲ್ಕನ್ನು 160ರಿಂದ ಭಾಗಿಸಿದರೆ 0.025. ಒಂದು ಗೂಡು ಒಂದು ದಿನದಲ್ಲಿ ಹಾಳಾಗುವ ಸಾಧ್ಯತೆ ಅದು. ಉಳಿಯುವ ಸಾಧ್ಯತೆ 0.975. ಕಾವು 28 ದಿನ ಎಂದರೆ 28 ಸಲ 0.975 ಬರೆದು ಎಲ್ಲವನ್ನೂ ಒಂದಕ್ಕೊಂದು ಗುಣಿಸಬೇಕು. ಮೊಬೈಲ್‌ನ ಕ್ಯಾಲ್ಕುಲೇಟರ್ ಸಾಕು. ಉತ್ತರ ಸುಮಾರು 0.49. ಶೇಕಡ 60 ಅಲ್ಲ, 49. ಅದಕ್ಕೇ ಪ್ರತಿ ಭೇಟಿಯ ದಿನಾಂಕ ಅಷ್ಟು ಮುಖ್ಯ.

ನಮ್ಮ ಅಜ್ಜ ಹೇಳುತ್ತಿದ್ದರು: ಟಿಟ್ಟಿಭ ದಿಬ್ಬದ ಮೇಲೆ ಮೊಟ್ಟೆ ಇಟ್ಟರೆ ಆ ವರ್ಷ ಮಳೆ ಜಾಸ್ತಿ, ತಗ್ಗಿನಲ್ಲಿ ಇಟ್ಟರೆ ಬರ. ನಿಜವೋ ಅಲ್ಲವೋ ಎಂದು ವಾದ ಮಾಡುವುದು ಬೇಡ. ಪ್ರತಿ ಗೂಡು ಸುತ್ತಲಿನ ನೆಲಕ್ಕಿಂತ ಎಷ್ಟು ಎತ್ತರ ಇದೆ ಎಂದು ಒಂದು ಕಾಲಂ ಸೇರಿಸಿ, ತಾಲೂಕಿನ ಮಳೆಯ ಅಂಕಿ ಪಕ್ಕದಲ್ಲಿ ಬರೆಯುತ್ತಾ ಹೋಗಿ. ನಾನು ಆರು ವರ್ಷದಿಂದ ಬರೆಯುತ್ತಿದ್ದೇನೆ. ತೀರ್ಪು ಕೊಡಲು ಇನ್ನೂ ವರ್ಷಗಳು ಬೇಕು.

ಸಂಶೋಧಕರ ಕೈಯಲ್ಲಿ ಇನ್ನೇನಿದೆ

ಗುಂಡಿಯಷ್ಟು ಚಿಕ್ಕ ಉಷ್ಣತೆಯ ಸೆನ್ಸರ್ ಗೂಡಿನಲ್ಲಿಟ್ಟರೆ ಹಕ್ಕಿ ಎದ್ದದ್ದು, ಕೂತದ್ದು ನಿಮಿಷ ನಿಮಿಷಕ್ಕೂ ದಾಖಲಾಗುತ್ತದೆ. ಬಿಲದ ಗೂಡಿಗೆ, ಅಂದರೆ ನಮ್ಮ ಕಾಲುವೆ ದಂಡೆಯ ಮಿಂಚುಳ್ಳಿ, ಕಳ್ಳಿಪೀರಗಳ ಗೂಡಿಗೆ, ಕೊಳವೆಯ ತುದಿಯಲ್ಲಿ ಕ್ಯಾಮೆರಾ ಇರುವ ಎಂಡೋಸ್ಕೋಪ್ ಬಳಸುತ್ತಾರೆ. ಮೊಟ್ಟೆಯ ವಯಸ್ಸು ತಿಳಿಯಲು ಅದನ್ನು ನೀರಿನಲ್ಲಿ ಇಟ್ಟು ನೋಡುವುದುಂಟು. ಹೊಸ ಮೊಟ್ಟೆ ತಳದಲ್ಲಿ ಮಲಗುತ್ತದೆ, ದಿನ ಕಳೆದಂತೆ ಏಳುತ್ತದೆ, ಕೊನೆಗೆ ತೇಲುತ್ತದೆ. ಕಳ್ಳ ಯಾರು ಎಂದು ತಿಳಿಯಲು ಮಣ್ಣಿನಂಥ ಮೆತ್ತನೆ ಪದಾರ್ಥದ ನಕಲಿ ಮೊಟ್ಟೆ ಇಟ್ಟು ಹಲ್ಲಿನ ಗುರುತು ಓದುತ್ತಾರೆ. ಇವು ಅನುಮತಿ ಇರುವವರ ಕೆಲಸ. ತಿಳಿದಿರಲಿ ಎಂದು ಹೇಳಿದೆ, ಮಾಡಲು ಅಲ್ಲ.

ಹಕ್ಕಿಗಳು ಒಟ್ಟಿಗೆ ಗೂಡು ಕಟ್ಟುವ ದೊಡ್ಡ ವಸಾಹತು ನೋಡಬೇಕೆಂದರೆ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲಿಗೆ ಹೋಗಿ. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. 2024ರಲ್ಲಿ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಕೆರೆಯ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅಲ್ಲಿ ಒಂದೊಂದೇ ಗೂಡು ಹಿಂಬಾಲಿಸಲು ಆಗುವುದಿಲ್ಲ. ಏರಿಯ ಮೇಲೆ ಒಂದೇ ಜಾಗದಲ್ಲಿ ನಿಂತು, ಎಡದಿಂದ ಬಲಕ್ಕೆ ಮರ ಮರವಾಗಿ ಎಣಿಸಿ. ಇಬ್ಬರು ಬೇರೆ ಬೇರೆ ಎಣಿಸಿ ಹೋಲಿಸಿದರೆ ಇನ್ನೂ ಒಳ್ಳೆಯದು.

ಕರಡಿ, ನೀರುನಾಯಿ ಬಗ್ಗೆ ಕೇಳುವವರಿದ್ದಾರೆ. ದರೋಜಿಯ ಬಂಡೆಗಳ ಸಂದಿನಲ್ಲಿ ಕರಡಿಗಳು ಮರಿ ಹಾಕುತ್ತವೆ. ತುಂಗಭದ್ರೆಯ ದಡದ ಕಲ್ಲು, ಬೇರುಗಳ ಪೊಟರೆಯಲ್ಲಿ ನೀರುನಾಯಿಗಳು. ಮರಿ ಇರುವ ಕರಡಿಯ ಗವಿಯ ಹತ್ತಿರ ಯಾವ ಕಾರಣಕ್ಕೂ ಹೋಗಬೇಡಿ. ಅಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಇಟ್ಟು ಓದುವುದು ಸಂಶೋಧಕರಿಗೇ ಬಿಟ್ಟದ್ದು. ನದಿ ದಡದಲ್ಲಿ ಮೀನಿನ ಪರೆ ತುಂಬಿದ ಹಿಕ್ಕೆ ಕಂಡರೆ ದಿನಾಂಕ, ಜಾಗ ಬರೆದುಕೊಂಡು ಬನ್ನಿ, ಅಷ್ಟು ಸಾಕು.

ಹಂಗಾಮಿನ ಕೊನೆ

ಗೂಡು ಇನ್ನೂ ನಡೆಯುತ್ತಿರುವಾಗ ಅದರ ಜಾಗವನ್ನು ಯಾರಿಗೂ ಹಂಚಬೇಡಿ. ಫೋಟೋದ ಲೊಕೇಶನ್ ತೆಗೆದುಹಾಕಿ. ಒಬ್ಬರು ಬಂದರೆ ಹತ್ತು ಜನ ಬರುತ್ತಾರೆ.

ಅಕ್ಟೋಬರ್ ಮುಗಿಯುವ ಹೊತ್ತಿಗೆ ಗೀಜಗಗಳು ಮರ ಬಿಡುತ್ತವೆ. ಆಗಲೂ ಗೂಡು ಕೀಳಬೇಡಿ. ಹಳೆಯ ಗೂಡುಗಳಲ್ಲಿ ರಾಟವಾಳಗಳು ಸೇರಿಕೊಳ್ಳುತ್ತವೆ. ಗಾಳಿಗೆ ತಾನಾಗಿ ಬಿದ್ದದ್ದು ಸಿಕ್ಕರೆ ಅಲ್ಲಿಯೇ ಅಳೆದು, ಒಳಗೆ ಮೆತ್ತಿದ ಮಣ್ಣಿನ ಉಂಡೆ ನೋಡಿ, ಅಲ್ಲಿಯೇ ಬಿಟ್ಟು ಬನ್ನಿ.

ಆ ಬಾವಿಯ ಮರದ ನನ್ನ ಪುಟಗಳು ಹೀಗೆ ಮುಗಿದವು: 23 ಗೂಡಿನಲ್ಲಿ 9 ಟೋಪಿಯಲ್ಲೇ ನಿಂತವು, 3 ಗಾಳಿಗೆ ಬಾವಿಗೆ ಬಿದ್ದವು, 4ರಲ್ಲಿ ಹುಳು ತರುವುದು ಅರ್ಧಕ್ಕೇ ನಿಂತಿತು, 7ರಲ್ಲಿ ಕೊನೆಯವರೆಗೂ ನಡೆಯಿತು. ನವೆಂಬರ್‌ನಲ್ಲಿ ಆ ಹುಡುಗ ಕುರಿಗಳ ಜೊತೆ ಸಿಕ್ಕ. “ಏಳರಾಗ” ಅಂದೆ. ಅವನು ಮರ ನೋಡಿ, ಬೆರಳು ಮಾಡಿ ಎಣಿಸಿ, “ಬಾವ್ಯಾಗ ಬಿದ್ದಿದ್ದು ಮೂರಲ್ರೀ, ನಾಕು. ಒಂದು ರಾತ್ರಿ ಬಿತ್ತು, ನಾ ನೋಡೀನಿ” ಅಂದ. ಯಾವ ಕೊಂಬೆಯದು ಎಂದು ಕೇಳಿದೆ. ತೋರಿಸಿದ. ಅದು ನಾನು ಗೆದ್ದದ್ದೆಂದು ಬರೆದಿದ್ದ 16ನೇ ಗೂಡು. ಅಲ್ಲೇ ಕೂತು ಆ ಸಾಲು ಹೊಡೆದು, ಅವನು ಹೇಳಿದ ದಿನ ಬರೆದೆ.